ಗಾಡಿ ಹೋದರೆ ಸಾಲದು, ಹೆಸರೂ ಹೋಗಬೇಕು

ಕಾರು ಕೊಳ್ಳುವವನಿಗೆ ಸಲಹೆ ಕೊಡಲು ಓಣಿಗೆ ಓಣಿಯೇ ಬರುತ್ತದೆ. ಮಾರುವವನ ಹತ್ತಿರ ಯಾರೂ ಸುಳಿಯುವುದಿಲ್ಲ. ಅದರಲ್ಲೂ ಮಾಡಿಫೈ ಮಾಡಿಸಿದ ಟರ್ಬೊ ಗಾಡಿ ಮಾರಲು ಹೊರಟವನ ಮಾತು ಕೇಳುವ ತಾಳ್ಮೆ ಮನೆಯವರಿಗೂ ಇರುವುದಿಲ್ಲ. ಹೀಗಾಗಿ ಪಕ್ಕದ ಮನೆಯ ಹುಡುಗ ಭಾನುವಾರ ಬೆಳಿಗ್ಗೆ ಗೋಡೆಯ ಆಚೆಯಿಂದ "ಕಾಕಾ, ಚಾ ಆತೇನ್ರಿ?" ಅಂದಾಗಲೇ ಮಾತು ಉದ್ದವಾಗುತ್ತದೆಂದು ನಾನು ಕುರ್ಚಿ ಎಳೆದುಕೊಂಡೆ.

ನವಿ ಮುಂಬಯಿಯ ಕೋಪರಖೈರಣೆಯ ರೋ ಹೌಸುಗಳಲ್ಲಿ ಇರುವವರಿಗೆ ಈ ಗೋಡೆ ಗೊತ್ತು. ಸಿಡ್ಕೊ ಸಂಸ್ಥೆ ಅಳೆದು ಕೊಟ್ಟ ಸಣ್ಣ ಪ್ಲಾಟುಗಳಲ್ಲಿ ಮನೆಗೆ ಮನೆ ಅಂಟಿಕೊಂಡು ನಿಂತಿವೆ. ಮುಂದೆ ನಾಲ್ಕು ಹೆಜ್ಜೆ ಅಂಗಳ, ನಡುವೆ ಎದೆಮಟ್ಟದ ಗೋಡೆ. ಕರಿಬೇವು, ಪೇಪರು, ಊರಿಂದ ಬಂದ ಶೇಂಗಾ ಚಟ್ನಿ, ಎಲ್ಲ ಅದರ ಮೇಲೇ ಆಚೆ ಈಚೆ ಆಗುತ್ತವೆ. ಹೊರಗೆ ರಸ್ತೆಯ ಎರಡೂ ಬದಿ ಗಾಡಿಗಳು ನಿಂತು, ನಡುವೆ ಒಂದು ರಿಕ್ಷಾ ಹೋಗುವಷ್ಟು ಜಾಗ ಉಳಿದಿರುತ್ತದೆ. ಹುಡುಗ ವಿಜಯಪುರದ ಕಡೆಯವನು, ಮಹಾಪೆಯಲ್ಲಿ ಕೆಲಸ. ನಾನು ಧಾರವಾಡದವನು. ಮರಾಠಿ, ಹಿಂದಿ ಆಡಿ ಆಡಿ ದಣಿದ ನಾಲಿಗೆಗೆ ಆ ಗೋಡೆಯ ಹತ್ತಿರ ವಿಶ್ರಾಂತಿ.

"ಕಾಕಾ, ಗಾಡಿ ಕೊಟ್ಟ ಬಿಡಬೇಕಂತ ಮಾಡೀನ್ರಿ."

"ಯಾಕೋ ತಮ್ಮಾ, ಇಷ್ಟ ಪ್ರೀತೀಲೆ ಇಟ್ಟ ಗಾಡಿ?"

"ಕೂಸಿನ ಸೀಟು ಹಿಂದ ಕೂಡತೈತ್ರಿ. ಆದ್ರ ಸ್ಪೀಡ್‌ಬ್ರೇಕರ್ ಬಂದ್ರ ತಳ ಬಡೀತೈತಿ, ಮಲಗಿದ ಕೂಸು ಎದ್ದು ಅಳಾಕ ಹತ್ತತೈತಿ."

ಕಾರಣ ನ್ಯಾಯವಾದದ್ದೇ. ಅವನದು ನೀಲಿ ಬಣ್ಣದ ಬಲೆನೊ ಆರ್‌ಎಸ್. ನೋಡುವವರಿಗೆ ಅದು ಎಲ್ಲ ಬಲೆನೊಗಳಂತೆ ಒಂದು ಬಲೆನೊ. ಗೊತ್ತಿದ್ದವರಿಗೆ ಮಾತ್ರ ಅದರ ಬೆಲೆ ಗೊತ್ತು. ಮಾರುತಿ ಸುಜುಕಿ ಅದನ್ನು 2017ರ ಮಾರ್ಚ್‌ನಲ್ಲಿ ತಂದಾಗ ದಿಲ್ಲಿಯ ಎಕ್ಸ್ ಶೋರೂಂ ದರ 8.69 ಲಕ್ಷ ರೂಪಾಯಿ. ಬಾನೆಟ್ ಕೆಳಗೆ 998 ಸಿಸಿಯ ಮೂರು ಸಿಲಿಂಡರಿನ ಬೂಸ್ಟರ್‌ಜೆಟ್ ಟರ್ಬೊ ಪೆಟ್ರೋಲ್ ಎಂಜಿನ್. ಜಪಾನಿನಿಂದಲೇ ಬರುತ್ತಿತ್ತು. ಸುಮಾರು 101 ಅಶ್ವಶಕ್ತಿ, 150 ನ್ಯೂಟನ್ ಮೀಟರ್ ಟಾರ್ಕ್, ಗಾಡಿಯ ತೂಕ 950 ಕಿಲೋ ಮಾತ್ರ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಇದೇ ಎಂಜಿನ್ ಯುರೋಪಿನಲ್ಲಿ 111 ಅಶ್ವಶಕ್ತಿ ಕೊಡುತ್ತಿತ್ತು. ಆ ಹತ್ತರ ವ್ಯತ್ಯಾಸವೇ ನಮ್ಮ ಹುಡುಗರ ನಿದ್ದೆ ಕೆಡಿಸಿತು. ಇಸಿಯು ಎಂಬ ಎಂಜಿನ್ ಕಂಪ್ಯೂಟರಿನ ಲೆಕ್ಕವನ್ನು ಬದಲಿಸಿದರೆ ಬಚ್ಚಿಟ್ಟ ಶಕ್ತಿ ಹೊರಬರುತ್ತದೆ ಎಂದು ಗೊತ್ತಾದ ಮೇಲೆ ಯಾವ ಹುಡುಗ ಸುಮ್ಮನಿರುತ್ತಾನೆ? 2020ಕ್ಕೆ ಹೊಗೆಯ ಮಿತಿಯ ಬಿಎಸ್6 ನಿಯಮ ಬರುವ ಹೊತ್ತಿಗೆ ಕಂಪನಿ ಆ ಮಾದರಿಯನ್ನೇ ನಿಲ್ಲಿಸಿತು. ನಿಂತ ಮೇಲೆ ಅದರ ಮೇಲಿನ ಪ್ರೀತಿ ಇನ್ನೂ ಹೆಚ್ಚಿತು.

ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದ ಜಪಾನಿ ಟರ್ಬೊ ಪೆಟ್ರೋಲ್ ಗಾಡಿಗಳೇ ಬೆರಳೆಣಿಕೆಯಷ್ಟು. ಮಿತ್ಸುಬಿಷಿಯ ಲ್ಯಾನ್ಸರ್ ಇವೊ ಟೆನ್ ಬಂದಿತ್ತು, ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ನಿಸ್ಸಾನ್ ಜಿಟಿ-ಆರ್ 2016ರ ಡಿಸೆಂಬರ್‌ನಲ್ಲಿ ಬಂದಾಗ ಅದರ ಬೆಲೆ 1.99 ಕೋಟಿ. ಅದೇ ಕಂಪನಿಯ ಹಳೆಯ ಸ್ಕೈಲೈನ್ ತರಿಸೋಣವೆಂದರೆ, ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ಭಾರತಕ್ಕೆ ಆಮದು ಮಾಡಿಕೊಳ್ಳಲು ನಿಯಮ ಬಿಡುವುದಿಲ್ಲ. ಹೀಗಿರುವಾಗ ಮಧ್ಯಮ ವರ್ಗದ ಮನೆಯ ಹುಡುಗನಿಗೆ ಟರ್ಬೊದ ರುಚಿ ತೋರಿಸಿದ್ದು ಇಂಥ ಸಣ್ಣ ಗಾಡಿಯೇ. ಸುಜುಕಿಗೆ ಇದು ಹೊಸದೂ ಅಲ್ಲ. 1987ರಲ್ಲೇ ಜಪಾನಿನಲ್ಲಿ ಆಲ್ಟೊ ವರ್ಕ್ಸ್ ಎಂಬ ಪುಟ್ಟ ಟರ್ಬೊ ಕಾರು ತಂದು, 550 ಸಿಸಿಯೊಳಗಿನ ಎಂಜಿನ್ನಿನಿಂದ 64 ಅಶ್ವಶಕ್ತಿ ತೆಗೆದ ಮನೆ ಅದು.

ಹುಡುಗ ಈ ಗಾಡಿಗೆ ಮಾಡಿಸಿದ್ದು ಇಷ್ಟು: ಇಸಿಯು ರಿಮ್ಯಾಪ್, ಅಂಗಡಿಯವರ ಭಾಷೆಯಲ್ಲಿ ಸ್ಟೇಜ್ ಒನ್. ದೊಡ್ಡ ಏರ್ ಫಿಲ್ಟರ್. ಸದ್ದು ಮಾಡುವ ಎಕ್ಸಾಸ್ಟ್. ಗಾಡಿಯನ್ನು ನೆಲಕ್ಕೆ ಇಳಿಸುವ ಸ್ಪ್ರಿಂಗು. ಅಲಾಯ್ ಚಕ್ರ. ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಹಾಕಿದ್ದಾನೆ. ಪ್ರತಿ ಬಿಲ್ಲೂ ಒಂದು ನೀಲಿ ಫೈಲಿನಲ್ಲಿದೆ. ಫೈಲು ಗೋಡೆಯ ಮೇಲಿಂದ ನನ್ನ ಕೈಗೆ ಬಂತು.

"ಸಾದಾ ಆರ್‌ಎಸ್‌ಗೆ ಬರೋ ದರ, ಅದರ ಮ್ಯಾಲೆ ಈ ಒಂದೂವರಿ ಲಕ್ಷ. ತಪ್ಪೇನೈತ್ರಿ ಕಾಕಾ?"

ತಪ್ಪಲ್ಲ, ಆದರೆ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯವರು ಮಾಡಿಫೈ ಆದ ಗಾಡಿ ಎಂದ ಕೂಡಲೇ ದರ ಇಳಿಸುತ್ತಾರೆ. ಅವರು ಮುಂದೆ ಅದನ್ನು ಒಬ್ಬ ಸಾದಾ ಗಿರಾಕಿಗೆ ಮಾರಬೇಕು, ಆ ಗಿರಾಕಿಗೆ ಸದ್ದು ಬೇಡ, ವಾರಂಟಿ ಬೇಕು. ಖಾಸಗಿಯಾಗಿ ಕೊಳ್ಳಲು ಬರುವ ಜಾಣ ಗಿರಾಕಿಯ ಲೆಕ್ಕ ಇನ್ನೊಂದು. ಶಕ್ತಿ ಹೆಚ್ಚಿಸಿದವನು ಅದನ್ನು ಬಳಸದೆ ಇದ್ದಾನೆಯೇ ಎಂಬ ಸಂಶಯ ಅವನಿಗೆ. ಕ್ಲಚ್ಚು, ಗೇರ್‌ಬಾಕ್ಸು, ಟರ್ಬೊ ಎಷ್ಟು ತಿಂದಿವೆಯೋ ಎಂದು ಅವನು ತನ್ನ ಖರ್ಚನ್ನು ಮೊದಲೇ ಕಳೆದು ದರ ಕೇಳುತ್ತಾನೆ. ಜಗತ್ತಿನಲ್ಲೆಲ್ಲ ಇದೇ ಕತೆ. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರುಗಳನ್ನು ಆಮದು ಮಾಡಿಕೊಳ್ಳಲು ಅವಕಾಶವಿದೆ. ಹಾಗಾಗಿ 1999ರಲ್ಲಿ ಬಂದ ಸ್ಕೈಲೈನ್ ಆರ್34 ಜಿಟಿ-ಆರ್ 2024ರಿಂದ ಅಲ್ಲಿಗೆ ಹೋಗತೊಡಗಿತು. ಹಣವಂತರು ಹುಡುಕುವುದು ಕಾರ್ಖಾನೆಯಿಂದ ಬಂದಂತೆಯೇ ಉಳಿದ ಗಾಡಿಯನ್ನು. ಗಾಡಿಯ ಮೂಲ ಭಾಗ ಜೊತೆಗಿದ್ದರೆ ಬೆಲೆಯೇ ಬೇರೆ.

"ಹಳೇ ಸ್ಪ್ರಿಂಗು, ಕಂಪನಿ ಎಕ್ಸಾಸ್ಟ್ ಎಲ್ಲಿ ಅದಾವೋ?" ಅಂದೆ.

"ದಿವಾನದ ಕೆಳಗ ಅದಾವ್ರಿ. ಅಕೀ ದಿನಾ ಬೈತಾಳ, ತಗದು ಒಗೀರಿ ಅಂತ."

ಒಗೆಯದೆ ಇಟ್ಟದ್ದು ಅವನ ಪುಣ್ಯ. ನಾನು ಹೇಳಿದ್ದು ಒಂದೇ ಮಾತು: ಎಲ್ಲ ಮೊದಲಿನಂತೆ ಮಾಡು. ಎಕ್ಸಾಸ್ಟ್ ತೆಗೆಸಿ ಕಂಪನಿಯದು ಹಾಕಿಸು, ಸ್ಪ್ರಿಂಗು ಬದಲಿಸು, ರಿಮ್ಯಾಪ್ ಮಾಡಿದವರ ಹತ್ತಿರವೇ ಹೋಗಿ ಕಂಪನಿಯ ಮೂಲ ಮ್ಯಾಪ್ ತುಂಬಿಸು, ಅದಕ್ಕೆ ಬಿಲ್ಲು ತಗೊ. ಬಿಚ್ಚಿದ ಸಾಮಾನಿಗೆ ಬೇರೆ ಗಿರಾಕಿಗಳು ಇದ್ದಾರೆ. ಆರ್‌ಎಸ್ ಇಟ್ಟುಕೊಂಡವರೇ ಕೇಳಿಕೊಂಡು ಬರುತ್ತಾರೆ. ಗಾಡಿಯ ಜೊತೆ ಕೊಟ್ಟರೆ ಬಾರದ ಹಣ ಬಿಡಿಬಿಡಿಯಾಗಿ ಕೊಟ್ಟರೆ ಬರುತ್ತದೆ.

ಹುಡುಗನ ಮುಖ ಸಣ್ಣದಾಯಿತು. ನನಗೆ ಅರ್ಥವಾಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆದಾಗ ಕೆಂಪು ಮಣ್ಣು ಎರಚಿಕೊಂಡು ಗಾಡಿಗಳು ಓಡಿದ್ದನ್ನು ನೋಡಿ ಬೆಳೆದ ತಲೆಮಾರು ಇದು. ಯಂತ್ರವನ್ನು ತನ್ನ ಕೈಯಿಂದ ಇನ್ನಷ್ಟು ಚೆನ್ನಾಗಿ ಮಾಡಬೇಕು ಎಂಬ ಆಸೆ ಒಳ್ಳೆಯ ಆಸೆ. ಅದನ್ನು ಹುಡುಗಾಟ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಆ ಆಸೆಗೆ ರ‍್ಯಾಲಿ ಇದೆ, ರೇಸ್ ಟ್ರ್ಯಾಕ್ ಇದೆ. ರಸ್ತೆಗೆ ಕಾನೂನು ಇದೆ.

ಆ ಕಾನೂನನ್ನು ಅವನಿಗೆ ಬಿಡಿಸಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದು ಬಂತು. ಪಾಮ್ ಬೀಚ್ ರಸ್ತೆಯಲ್ಲಿ ರಾತ್ರಿ ಸದ್ದು ಮಾಡಿ ಹೋಗುವ ಗಾಡಿಗಳನ್ನು ಪೊಲೀಸರು ನಿಲ್ಲಿಸುವುದನ್ನು ನವಿ ಮುಂಬಯಿಯವರು ಕಂಡೇ ಇದ್ದಾರೆ. ಅಂಥ ಗಾಡಿಯನ್ನು ಇನ್ನೊಬ್ಬನ ಕೈಗೆ ಕೊಡುವುದೆಂದರೆ ಆ ತಕರಾರನ್ನೂ ಕೈಗಿಟ್ಟಂತೆ. ವಿಮೆಯ ಕಂಪನಿಗೆ ಬದಲಾವಣೆ ತಿಳಿಸದಿದ್ದರೆ ಅಪಘಾತವಾದ ದಿನ ಅವರು ಹಿಂದೆ ಸರಿಯಲು ಅದೇ ಕಾರಣವಾಗಬಹುದು.

"ಹಂಗಾರ ಮೊದಲಿನಂಗ ಮಾಡಿಸಿ, ಏನೂ ಹೇಳದ ಕೊಟ್ಟ ಬಿಡ್ಲೇನ್ರಿ? ಯಾರಿಗೂ ತಿಳ್ಯೂದಿಲ್ಲ."

ಇಲ್ಲಿ ನಾನು ಕುರ್ಚಿಯಿಂದ ಎದ್ದೆ.

ನಮ್ಮ ಕಡೆಯ ದನದ ಜಾತ್ರೆಯಲ್ಲಿ ದಲಾಲಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ದರ ಮಾತಾಡುತ್ತಾರೆ. ಸುತ್ತ ನಿಂತವರಿಗೆ ದರ ಕಾಣುವುದಿಲ್ಲ. ಆದರೆ ಎತ್ತು ಬಯಲಲ್ಲಿ ನಿಂತಿರುತ್ತದೆ. ಹಲ್ಲು ನೋಡಬಹುದು, ಸುಳಿ ನೋಡಬಹುದು, ನಡೆಸಿ ನೋಡಬಹುದು. ಹಾಯುವ ಎತ್ತಾದರೆ ರೈತ ಮೊದಲೇ ಹೇಳುತ್ತಾನೆ, ಏಕೆಂದರೆ ಮುಂದಿನ ವರ್ಷವೂ ಅದೇ ಜಾತ್ರೆಗೆ ಬರಬೇಕು. ದರ ಮುಚ್ಚಿದರೂ ಎತ್ತನ್ನು ಮುಚ್ಚಬಾರದು. ಗಾಡಿಗೂ ಅದೇ ನ್ಯಾಯ.

ಟರ್ಬೊ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ರಭಸದಿಂದ ಒಂದು ಸಣ್ಣ ಚಕ್ರ ತಿರುಗುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಅದು ತಿರುಗುವ ವೇಗ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ. ಆ ಅಚ್ಚನ್ನು ಕಾಯುವುದು ತೆಳುವಾದ ಎಣ್ಣೆಯ ಪದರ. ಎಣ್ಣೆ ಹೊತ್ತಿಗೆ ಬದಲಿಸದಿದ್ದರೆ, ತಣ್ಣಗಿರುವ ಎಂಜಿನ್ನನ್ನು ಬೆಳಿಗ್ಗೆಯೇ ಎಳೆದರೆ ಅಚ್ಚು ಸವೆಯುತ್ತದೆ; ಜೋರಾಗಿ ಓಡಿಸಿ ಬಂದು ಆ ಕ್ಷಣವೇ ಕೀಲಿ ತಿರುಗಿಸಿದರೆ, ಬಿಸಿಗೆ ಎಣ್ಣೆ ಸುಟ್ಟು ಕರಿ ಗಟ್ಟುತ್ತದೆ. ರಿಮ್ಯಾಪ್ ಮಾಡಿದಾಗ ಒತ್ತಡ ಹೆಚ್ಚುತ್ತದೆ, ಬಿಸಿ ಹೆಚ್ಚುತ್ತದೆ, ಪೆಟ್ರೋಲ್ ಹೊತ್ತಿಕೊಳ್ಳುವ ಗಳಿಗೆಯ ಲೆಕ್ಕ ಬಿಗಿಯಾಗುತ್ತದೆ. ಇದೆಲ್ಲ ಮೂಲ ಮ್ಯಾಪ್ ತುಂಬಿಸಿದ ಕೂಡಲೇ ಅಳಿಸಿಹೋಗುವುದಿಲ್ಲ. ಸಾಫ್ಟ್‌ವೇರ್ ಹಿಂದಕ್ಕೆ ಬರುತ್ತದೆ, ಸವೆದ ಲೋಹ ಹಿಂದಕ್ಕೆ ಬರುವುದಿಲ್ಲ. ಇಷ್ಟು ಕಿಲೋಮೀಟರ್ ರಿಮ್ಯಾಪ್ ಮೇಲೆ ಓಡಿದೆ ಎಂಬುದು ಮುಂದಿನವನಿಗೆ ತಿಳಿಯಲೇಬೇಕಾದ ವಿಷಯ. ಅವನು ಕೇಳದಿದ್ದರೂ ಹೇಳಬೇಕು.

ಗಾಡಿ ಮೊದಲಿನಂತಾದ ಮೇಲೆ ಅದೇ ಗೋಡೆಯ ಮೇಲೆ ಫೈಲು ಇಟ್ಟುಕೊಂಡು ಒಂದು ಕಾಗದ ಮಾಡಿದೆವು. ಯಾವ ದಿನ ಏನು ಹಾಕಿಸಿದ್ದು, ಯಾವ ಕಿಲೋಮೀಟರಿಗೆ, ಯಾವಾಗ ತೆಗೆಸಿದ್ದು. ಪ್ರತಿ ಸಲ ಎಣ್ಣೆ ಬದಲಿಸಿದ ದಿನ. ಮುಂದಿನ ಬಂಪರಿಗೆ ಒಮ್ಮೆ ಬಣ್ಣ ಹೊಡೆಸಿದ್ದು. ಕ್ಲಚ್ ಪ್ಲೇಟ್ ಬದಲಿಸಿದ್ದು. ಇನ್ನೊಂದು ಸಂಗತಿ ಅವನಿಗೆ ಗೊತ್ತಿತ್ತು, ಬರೆಯಲು ಮರೆತಿದ್ದ: 2023ರ ಏಪ್ರಿಲ್‌ನಲ್ಲಿ ಕಂಪನಿ 7,213 ಬಲೆನೊ ಆರ್‌ಎಸ್ ಗಾಡಿಗಳನ್ನು ವಾಪಸ್ ಕರೆಸಿತ್ತು. 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರವರೆಗೆ ತಯಾರಾದವು. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷ ಇರಬಹುದು, ಬ್ರೇಕ್ ಒತ್ತಲು ಹೆಚ್ಚು ಬಲ ಬೇಕಾಗಬಹುದು ಎಂಬ ಕಾರಣಕ್ಕೆ. ಇವನ ಗಾಡಿ ಆ ಸಾಲಿನಲ್ಲೇ ಬರುತ್ತದೆ, ಪಂಪು ಬದಲಿಸಿಯೂ ಆಗಿದೆ. ಆ ಸರ್ವಿಸ್ ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಇಡಿಸಿದೆ. ಸ್ಟೇಜ್ ಒನ್ನಿನ ಬಿಲ್ಲಿಗಿಂತ ಅದರ ಬೆಲೆ ಹೆಚ್ಚು.

ಗಿರಾಕಿಗಳು ಬರತೊಡಗಿದರು. ಡೊಂಬಿವಲಿಯಿಂದ ಬಂದವನೊಬ್ಬ ಗಾಡಿಯನ್ನು ಸುತ್ತಿ ನೋಡಲೂ ಇಲ್ಲ. ಕೇಳಿದ ದರವನ್ನು ಒಂದೇ ಮಾತಿಗೆ ಒಪ್ಪಿದ. "ಪೂರಾ ನಗದು ಕೊಡತೀನಿ, ಫಾರಂಗೆ ಸಹಿ ಹಾಕಿ ಕೊಡ್ರಿ, ಹೆಸರು ಆಮೇಲೆ ನಾನ ಮಾಡಿಸ್ಕೋತೀನಿ" ಎಂಬರ್ಥದ ಮಾತನ್ನು ಹಿಂದಿಯಲ್ಲಿ ಆಡಿದ. ಹುಡುಗನ ಕಣ್ಣು ನನ್ನ ಕಡೆ ಹೊರಳಿತು. ನಾನು ತಲೆಯಾಡಿಸಿದೆ, ಬೇಡ ಎಂದು.

ಯಾಕೆ ಬೇಡ ಎಂದರೆ, ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ತಡೆದಿದೆ. ದಂಡ ಬೀಳುವುದು ತೆಗೆದುಕೊಂಡವನಿಗೆ, ಅದೂ ತೆಗೆದುಕೊಂಡಷ್ಟೇ ಮೊತ್ತ. ಬ್ಯಾಂಕಿನಿಂದ ಬ್ಯಾಂಕಿಗೆ ಬಂದ ಹಣಕ್ಕೆ ಅಂಜಿಕೆಯಿಲ್ಲ. ಸ್ವಂತಕ್ಕೆ ಬಳಸಿದ ಕಾರನ್ನು ಮಾರಿದರೆ ಜಿಎಸ್‌ಟಿಯೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನ ಸಭೆಯಲ್ಲಿ ಹಳೆಯ ಕಾರುಗಳಿಗೆ ಶೇ. 18 ಎಂದಾಗ ಎಲ್ಲರೂ ಗಾಬರಿಯಾದರು. ಅದು ನೋಂದಾಯಿತ ವ್ಯಾಪಾರಿಯ ಲಾಭದ ಭಾಗಕ್ಕೆ, ನಮ್ಮ ನಿಮ್ಮಂಥವರ ನಡುವಿನ ಮಾರಾಟಕ್ಕಲ್ಲ.

ಎರಡನೆಯ ಕಾರಣವೇ ದೊಡ್ಡದು. 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಬ್ಬರು ಕಾರು ಮಾರಿದ್ದರು. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ಹೀಗೆ ಗಾಡಿ ಕೈಯಿಂದ ಕೈಗೆ ಹೋಯಿತು. ನೋಂದಣಿಯಲ್ಲಿ ಮಾತ್ರ ಹೆಸರು ಮೊದಲಿನವರದೇ ಉಳಿಯಿತು. ಆ ಕಾರಿನಿಂದ ಅಪಘಾತವಾಗಿ ಜೀವ ಹೋಯಿತು. ಪರಿಹಾರ ಯಾರು ಕೊಡಬೇಕು? ಯಾರ ಹೆಸರು ನೋಂದಣಿಯಲ್ಲಿದೆಯೋ ಅವರೇ ಮಾಲೀಕರು, ಅವರೇ ಹೊಣೆ ಎಂದಿತು ಕೋರ್ಟು. ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕಿಕೊಂಡು ಅಲೆಯುವ ಕಷ್ಟ ಸತ್ತವರ ಮನೆಯವರಿಗೆ ಬರಬಾರದು ಎಂಬುದು ಅದರ ಹಿಂದಿನ ನ್ಯಾಯ. ಆ ನ್ಯಾಯ ಸರಿ. ಎಂದೋ ಮಾರಿದ ಗಾಡಿಯ ಹೊಣೆ ವರ್ಷಗಳ ಮೇಲೆ ಮನೆ ಬಾಗಿಲಿಗೆ ಬರುತ್ತದೆ ಎಂಬುದೂ ಅಷ್ಟೇ ನಿಜ. ಅವಸರದಲ್ಲಿ ಟರ್ಬೊ ಗಾಡಿ ಕೊಳ್ಳುವ ಇಪ್ಪತ್ತರ ಹುಡುಗ ಅದನ್ನು ಮೆಲ್ಲಗೆ ಓಡಿಸುತ್ತಾನೆಯೇ? ಅವನು ಗುದ್ದಿದರೆ ಸಮನ್ಸು ಕೋಪರಖೈರಣೆಗೆ ಬರುತ್ತದೆ.

ಡೊಂಬಿವಲಿಯವನು ಹೋದ. ಅವನ ಹಿಂದೆಯೇ ಬೆಳಗಾವಿಯಿಂದ ಒಬ್ಬರು ಫೋನ್ ಮಾಡಿದರು, ಮುಂದಿನ ಶನಿವಾರ ಮಗಳನ್ನು ಕರೆದುಕೊಂಡು ಬಂದರು. ಗಾಡಿ ಮಗಳಿಗೆ. ಅವಳೇ ಕೇಳಿದಳು: "ಅಣ್ಣಾರ, ಗಾಡಿ ಬೆಳಿಗ್ಗೆಯಿಂದ ಚಾಲೂ ಮಾಡಿಲ್ಲಲ್ರಿ?" ಆ ಒಂದು ಪ್ರಶ್ನೆಗೇ ನನಗೆ ಗೊತ್ತಾಯಿತು, ಇವಳು ತಿಳಿದವಳು. ತಣ್ಣಗಿನ ಎಂಜಿನ್ ಶುರುವಾಗುವಾಗಲೇ ಅದರ ನಿಜ ಕಾಣುವುದು. ಬಾನೆಟ್ ತೆರೆದು ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದಳು. ಶುರು ಮಾಡಿದ ಮೇಲೆ ಸೈಲೆನ್ಸರಿನ ಹಿಂದೆ ಬಗ್ಗಿ ನಿಂತಳು, ನೀಲಿ ಹೊಗೆ ಬರುತ್ತದೆಯೇ ಎಂದು. ಗಾಳಿಯ ಪೈಪನ್ನು ಬೆರಳಿಂದ ಸವರಿ ಎಣ್ಣೆಯ ಪಸೆ ನೋಡಿದಳು. ಹುಡುಗ ಕಾಗದವನ್ನು ಅವಳ ಕೈಗೆ ಕೊಟ್ಟ. ಅವಳು ಗಾಡಿಗೆ ಒರಗಿ ನಿಂತು ಪೂರ್ತಿ ಓದಿದಳು. ರಿಮ್ಯಾಪಿನ ಸಾಲಿಗೆ ಬಂದಾಗ ತಲೆಯೆತ್ತಿ, "ಇದನ್ನ ಯಾರೂ ಹೇಳೂದಿಲ್ರಿ, ನೀವು ಬರದೇ ಕೊಟ್ಟೀರಿ" ಅಂದಳು.

ಟ್ರಯಲ್ಲಿಗೆ ಮೊದಲು ಹುಡುಗ ಅವಳ ಲೈಸೆನ್ಸ್ ಕೇಳಿದ. ಇದರಲ್ಲಿ ಸಂಕೋಚ ಬೇಡ. ಗಾಡಿಯ ವಿಮೆ ಚಾಲ್ತಿಯಲ್ಲಿರಬೇಕು, ಓಡಿಸುವವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಮಾರುವವನು ಪಕ್ಕದ ಸೀಟಿನಲ್ಲಿ ಕೂತಿರಬೇಕು. ಕೀಲಿ ಕೊಟ್ಟು ಮನೆಯಲ್ಲಿ ಕೂಡುವುದಲ್ಲ. ಮೊದಲು ಇವನು ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಅವಳಿಗೆ ಕೊಟ್ಟ. ಠಾಣೆ–ಬೇಲಾಪುರ ರಸ್ತೆಯಲ್ಲಿ ಒಂದು ಸುತ್ತು. ನಾಲ್ಕನೇ ಗೇರಿನಲ್ಲಿ ಮೆಲ್ಲಗೆ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿದಳಂತೆ. ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಇದು ಜಾರಲಿಲ್ಲ. ವಾಪಸ್ ಬಂದು ನಿಲ್ಲಿಸಿದ ಮೇಲೆ ಎಂಜಿನ್ ಒಂದೆರಡು ನಿಮಿಷ ಹಾಗೇ ತಿರುಗಲು ಬಿಟ್ಟಳು. ಹುಡುಗ ಅದನ್ನು ನೋಡಿ ನನ್ನ ಕಡೆ ತಿರುಗಿದ. ಗಾಡಿ ಯಾರಿಗೆ ಹೋಗಬೇಕೆಂಬುದು ಅವನ ಮನಸ್ಸಿನಲ್ಲಿ ಅಲ್ಲೇ ತೀರ್ಮಾನವಾಗಿತ್ತು.

ದರದಲ್ಲಿ ಸ್ವಲ್ಪ ಎಳೆದಾಟ ನಡೆಯಿತು, ನಡೆಯಬೇಕು. ಅವಳ ತಂದೆ ಲೆಕ್ಕದ ಮನುಷ್ಯರು. ಗಾಡಿ ಎಂಎಚ್-43, ವಾಶಿಯ ನೋಂದಣಿ. ಕರ್ನಾಟಕಕ್ಕೆ ಒಯ್ದರೆ ಅಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕು, ಕೆಎ-22 ನಂಬರು ಮಾಡಿಸಬೇಕು. ಆ ಖರ್ಚನ್ನು ಮೊದಲೇ ಕೂಡಿಸಿಕೊಂಡು ಬಂದಿದ್ದರು. ಗಡಿ ಭಾಗದಲ್ಲಿ ಮಹಾರಾಷ್ಟ್ರದ ನಂಬರಿನ ಮೇಲೇ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟರೆ ಅಲ್ಲಿಯ ನಂಬರು ಪಡೆಯಬೇಕೆಂಬುದು ಕಾಯ್ದೆ. "ನಮಗ ಅಂಥಾದ್ದು ಬ್ಯಾಡ್ರಿ, ಎಲ್ಲಾ ಸರಿಯಾಗಿ ಆಗ್ಲಿ" ಅಂದರು. ಸ್ಪ್ರಿಂಗು, ಎಕ್ಸಾಸ್ಟು ತಮಗೆ ಬೇಡವೆಂದರು. ಅವು ಬೇರೆ ಗಿರಾಕಿಗೆ ಹೋದವು. ಸಾದಾ ಆರ್‌ಎಸ್‌ನ ದರ ಸಿಕ್ಕಿತು, ಒಂದೂವರೆ ಲಕ್ಷದಲ್ಲಿ ಒಂದು ಭಾಗ ಬಿಡಿ ಸಾಮಾನಿನಿಂದ ಬಂತು. ಉಳಿದದ್ದು ಅವನು ಸುಖಪಟ್ಟ ಲೆಕ್ಕಕ್ಕೆ. ನಾನು ಅದನ್ನು ನಷ್ಟ ಎನ್ನುವುದಿಲ್ಲ.

ಆಮೇಲೆ ಶುರುವಾದದ್ದು ಕಾಗದದ ಕೆಲಸ. ಇದನ್ನು ನಾನು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ದಣಿದು ಕೈಬಿಡುವುದು ಇಲ್ಲೇ. ಬ್ಯಾಂಕಿನ ಸಾಲ ತೀರಿದ್ದರೂ ನೋಂದಣಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಲು ಫಾರಂ 35 ಬೇಕು. ಮಾರಾಟ ತಿಳಿಸಲು ಮಾರುವವನ ಫಾರಂ 29, ಹೆಸರು ಬದಲಿಸಲು ಫಾರಂ 30, ಬೇರೆ ರಾಜ್ಯಕ್ಕೆ ಹೋಗುವುದಾದರೆ ನಿರಾಕ್ಷೇಪಣಾ ಪತ್ರಕ್ಕೆ ಫಾರಂ 28. ಗಾಡಿಯ ಮೇಲೆ ಯಾವ ಪ್ರಕರಣವೂ ಇಲ್ಲವೆಂಬ ಎನ್‌ಸಿಆರ್‌ಬಿ ವರದಿ. ಬಾಕಿ ಇ-ಚಲನ್ ಇದ್ದರೆ ಕಟ್ಟಿ ಮುಗಿಸಬೇಕು. 2019ರ ಏಪ್ರಿಲ್ 1ಕ್ಕೆ ಮೊದಲಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಹಾಕಿಸಿರಬೇಕು. ಪಿಯುಸಿ ಚಾಲ್ತಿಯಲ್ಲಿರಬೇಕು. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಬೇರೆ ರಾಜ್ಯದ ವ್ಯವಹಾರಕ್ಕೆ 45 ದಿನ, ಕೊಂಡವನು ಹೆಸರು ಬದಲಿಸಿಕೊಳ್ಳಲು ಅರ್ಜಿ ಹಾಕಬೇಕಾದದ್ದು 30 ದಿನದೊಳಗೆ. ತಾರೀಖು ಹಾಕದ ಫಾರಂಗೆ ಸಹಿ ಮಾಡಿ ಕೊಡುವುದು ಎಂದರೆ ಈ ದಿನಗಳ ಲೆಕ್ಕವನ್ನೆಲ್ಲ ಬೇರೆಯವರ ಕೈಗೆ ಒಪ್ಪಿಸಿದಂತೆ.

ಗಾಡಿ ಕೊಟ್ಟ ಗಳಿಗೆಯನ್ನೂ ಬರೆದುಕೊಳ್ಳಬೇಕು. ಹುಡುಗ ಒಂದು ಡೆಲಿವರಿ ಪತ್ರ ಮಾಡಿದ: ತಾರೀಖು, ಗಂಟೆ, ಓಡೋಮೀಟರಿನ ಅಂಕಿ, ಚಾಸಿ ನಂಬರು, ಎಂಜಿನ್ ನಂಬರು, ಇನ್ನು ಮುಂದಿನ ಚಲನ್ನು ಮತ್ತು ಹೊಣೆ ಕೊಂಡವರದು ಎಂಬ ಸಾಲು, ಇಬ್ಬರ ಸಹಿ. ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸಿದ. ಇಲ್ಲದಿದ್ದರೆ ಬೆಳಗಾವಿಯ ಟೋಲು ಇವನ ಖಾತೆಯಿಂದ ಹೋಗುತ್ತದೆ. ವಿಮೆಯಲ್ಲಿ ಕ್ಲೇಮ್ ಮಾಡದೆ ಕೂಡಿಟ್ಟ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಮಾಲೀಕನದ್ದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಶೇ. 50ರವರೆಗೆ ಹೋಗುತ್ತದೆ. ಅದರ ಪ್ರಮಾಣಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಹೊಸ ಗಾಡಿಗೆ ಹಚ್ಚಿಕೊಳ್ಳಬಹುದು. ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ತಿಳಿಸಬೇಕು. ಇಷ್ಟನ್ನೂ ಅವನು ಮಾಡಿದ, ಏಜೆಂಟರ ಕೈಯಲ್ಲಿ ಬಿಡದೆ ತಾನೇ ನಿಂತು.

ಒಂದು ಸಂಜೆ ಗೋಡೆಯ ಆಚೆಯಿಂದ ಮೊಬೈಲು ಬಂತು. ಪರದೆಯ ಮೇಲೆ ಕೆಎ-22ರಿಂದ ಶುರುವಾಗುವ ಹೊಸ ನಂಬರು, ಮಾಲೀಕರ ಹೆಸರಿನ ಜಾಗದಲ್ಲಿ ನಡುನಡುವೆ ಚುಕ್ಕೆ ಹಾಕಿ ಮರೆಮಾಡಿದ ಅಕ್ಷರಗಳು. ಕಂಡ ಅಕ್ಷರಗಳು ಆ ಹುಡುಗಿಯ ಹೆಸರಿಗೆ ಹೊಂದುತ್ತಿದ್ದವು.

"ಈಗ ಮಾರಿದಂಗಾತ್ರಿ ಕಾಕಾ," ಅಂದ.

ಹೌದು, ಈಗ. ಕೈಗೆ ಹಣ ಬಂದ ದಿನವಲ್ಲ, ಗಾಡಿ ಓಣಿ ದಾಟಿದ ದಿನವಲ್ಲ. ಗಾಡಿಯ ಬಗ್ಗೆ ತನಗೆ ಗೊತ್ತಿದ್ದದ್ದೆಲ್ಲ ಕೊಂಡವರಿಗೆ ಗೊತ್ತಾಗಿ, ಅದರ ಹೊಣೆಯ ಹೆಸರು ಸರ್ಕಾರದ ದಾಖಲೆಯಲ್ಲಿ ಬದಲಾದ ದಿನ ಮಾರಾಟ ಮುಗಿಯಿತು. ಈ ಎರಡರಲ್ಲಿ ಒಂದನ್ನು ಬಿಟ್ಟರೂ ನಾವು ಮಾರಿದ್ದು ಗಾಡಿಯನ್ನಲ್ಲ, ತಕರಾರನ್ನು. ನಿಮ್ಮಲ್ಲಿ ಎಷ್ಟೋ ಮಂದಿ ಊರು ಬಿಡುವಾಗ ಹಳೆಯ ಸ್ಕೂಟರನ್ನೋ ಅಪ್ಪನ ಮಾರುತಿಯನ್ನೋ ಗುರುತಿನವರಿಗೆ ಕೊಟ್ಟು ಬಂದಿರುತ್ತೀರಿ, ಹೆಸರು ಅವರೇ ಮಾಡಿಸಿಕೊಂಡಿರುತ್ತಾರೆ ಎಂದು ನಂಬಿರುತ್ತೀರಿ. ಇವತ್ತೇ ಎಂಪರಿವಾಹನ್ ಆ್ಯಪ್ ತೆರೆದು ಆ ನಂಬರು ಹಾಕಿ ನೋಡಿ. ನಿಮ್ಮ ಹೆಸರೇ ಇದ್ದರೆ ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಆಗಲಿ.